ಸೀಸೆಯ ಸ್ಟ್ರಾಬೆರಿ ಸಸಿಗಳಿಗೆ ತಕ್ಕ ಮಿಶ್ರಣ

ಸ್ಟ್ರಾಬೆರಿ ಗಿಡವು ಹಂಬುಗಳಿಂದ ವೃದ್ಧಿ ಹೊಂದುವುದು. ತಾಯಿಗಿಡದಲ್ಲಿರುವ ವೈರಸ್ ರೋಗವೂ ಹಂಬಿನೊಡನೆಯೇ ಮರಿಗಿಡಕ್ಕೆ ಇಳಿಯುವುದು. ಆದಕಾರಣ ಕುಡಿಯ ತುದಿಯ ಸೂಕ್ಷ್ಮ ಭಾಗವನ್ನು ಸೀಸೆಯಲ್ಲಿ ಬೆಳೆಸಿ ಶುದ್ಧ ಸಸಿಗಳನ್ನು ಪಡೆಯುವ ಅಂಗಾಂಶ ಕೃಷಿಯು ರೂಢಿಗೆ ಬಂದಿದೆ. ಬೆಲ್ಜಿಯಂ ದೇಶದ ವಿಜ್ಞಾನಿ ಬಾಕ್ಸಸ್ ಎಂಬವರು ಸ್ಟ್ರಾಬೆರಿಗೆ ಒಪ್ಪುವ ಈ ಕ್ರಮವನ್ನು ೧೯೭೪ರಲ್ಲಿ ಪ್ರಕಟಿಸಿದರು.

ಸೀಸೆಯ ಸಸಿಗಳಲ್ಲಿ ಅನೇಕವು ಹೊರಗೆ ಬಂದ ಮೊದಲ ಹದಿನೈದು ದಿನಗಳಲ್ಲಿಯೇ ನಾಶವಾಗುವುದುಂಟು. ಸೀಸೆಯೊಳಗಿನ ಗಾಳಿಯು ತೇವದಿಂದ ತುಂಬಿರುವುದರಿಂದ ಎಲೆಯ ಮೇಲಣ ಮೇಣದ ಪೊರೆಯು ತೆಳುವಾಗಿರುವುದು. ಪತ್ರರಂಧ್ರಗಳು ಸರಿಯಾಗಿ ಮುಚ್ಚಿಕೊಳ್ಳಲಾರವು. ಬೇರುಗಳಲ್ಲಿ ರೋಮಗಳು ವಿರಳವಾಗಿರುವುವು. ಹೊರಗೆ ತಂದೊಡನೆ ಎಲೆಯು ಕಳೆದುಕೊಳ್ಳುವಷ್ಟು ನೀರನ್ನು ಬೇರು ಒದಗಿಸಲಾರದು. ಮಹಾಬಳೇಶ್ವರದ ಕಡೆಯಲ್ಲಿ ನಾಟಿಯು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ನಡೆಯುವುದು. ಆ ವೇಳೆಗೆ ಸಸಿ ಸತ್ತರೆ ಸಸಿಯ ಹಣದೊಡನೆ ಆ ವರ್ಷದ ಹಂಗಾಮೂ ಕೈಬಿಟ್ಟಂತೆಯೇ ಸರಿ.

ಆದುದರಿಂದ ಮಿಶ್ರಣವು ನೀರನ್ನೂ ಗಾಳಿಯನ್ನೂ ಸಮನಾಗಿ ಹಿಡಿದಿರಬೇಕು, ರೋಗಾಣು ಮತ್ತು ಉಪ್ಪು ಇಲ್ಲದಿರಬೇಕು, ಅದರ ಪಿ.ಎಚ್. ೫.೫ರಿಂದ ೬.೫ರವರೆಗೆ ಇರಬೇಕು. ಹೊಲದ ಮಣ್ಣು ತಟ್ಟೆಯ ಸಣ್ಣ ಗುಳಿಗಳಲ್ಲಿ ಗಟ್ಟಿಯಾಗಿ ಬೇರಿನ ಉಸಿರು ಕಟ್ಟಿಸುವುದಲ್ಲದೆ ಬೂಷ್ಟಿನ ರೋಗಗಳನ್ನೂ ತರುವುದು. ಬರಿಯ ಮರಳಿನಲ್ಲಿ ನೀರು ನಿಲ್ಲದು. ತೆಂಗಿನ ನಾರಿನ ಪುಡಿಯು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯುವುದು. ತಿಪಟೂರು, ಅರಸೀಕೆರೆಗಳಂತಹ ತೆಂಗಿನ ಸೀಮೆಯಲ್ಲಿ ಇದು ಸುಲಭವಾಗಿ ದೊರೆಯುವುದು. ಆದರೆ ಹೊಸ ಪುಡಿಯಲ್ಲಿ ಉಪ್ಪಿನ ಅಂಶವಿರುವುದು. ಸ್ಟ್ರಾಬೆರಿಯು ಉಪ್ಪನ್ನು ಸಹಿಸದು. ಪುಡಿಯನ್ನು ಸಿಹಿನೀರಿನಲ್ಲಿ ಹಲವು ಸಲ ನೆನೆಯಿಟ್ಟು ಬಸಿದ ಮೇಲೆಯೇ ಬಳಸತಕ್ಕದ್ದು.

ಸಸ್ಯಾಗಾರಗಳಲ್ಲಿ ನಾರಿನ ಪುಡಿ ಮೂರು ಭಾಗ, ವರ್ಮಿಕ್ಯುಲೈಟ್ ಒಂದು ಭಾಗ, ಪರ್ಲೈಟ್ ಒಂದು ಭಾಗ ಸೇರಿಸುವ ವಾಡಿಕೆಯುಂಟು. ವರ್ಮಿಕ್ಯುಲೈಟ್ ಪೋಷಕಾಂಶಗಳನ್ನು ಹಿಡಿದಿಡುವುದು. ಪರ್ಲೈಟ್ ಗಾಳಿಗೆ ಎಡೆಮಾಡುವುದು. ಪರ್ಲೈಟ್ ದೊರೆಯದಲ್ಲಿ ತೊಳೆದ ದಪ್ಪ ಮರಳನ್ನು ಬೆರೆಸಬಹುದು. ಎರೆಗೊಬ್ಬರವನ್ನು ಮೊದಲಿಗೇ ಹೆಚ್ಚಾಗಿ ಹಾಕಬಾರದು. ನೆನೆದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಮಾತ್ರ ತೊಟ್ಟಿಕ್ಕಿ, ಉಂಡೆಯು ಬೆರಳು ತಾಗಿದೊಡನೆ ಒಡೆದರೆ ಹದ ಸರಿಯಾಗಿದೆಯೆಂದು ತಿಳಿಯಬೇಕು.

ನೆಡುವ ಮೊದಲು ಬೇರಿಗಂಟಿದ ಲೋಳೆಯನ್ನು ಪೂರ್ತಿಯಾಗಿ ತೊಳೆಯತಕ್ಕದ್ದು. ಅದರಲ್ಲಿರುವ ಸಕ್ಕರೆಯು ಬೂಷ್ಟಿಗೆ ಆಹಾರವಾಗುವುದು. ಸಸಿಯ ಸುಳಿಯು ಮಿಶ್ರಣದ ಮೇಲ್ಮಟ್ಟದಲ್ಲಿರಲಿ, ಹೂಳಿದರೆ ಕೊಳೆಯುವುದು. ತಟ್ಟೆಗೆ ಪಾಲಿಥೀನ್ ಹೊದಿಕೆ ಹಾಕಿ ನೆರಳಿನಲ್ಲಿಡಬೇಕು. ಮೊದಲ ವಾರ ಕಳೆದ ಬಳಿಕ ಹೊದಿಕೆಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ತೆರೆಯುತ್ತ ಮೂರು ನಾಲ್ಕು ವಾರಗಳಲ್ಲಿ ಪೂರ್ತಿ ತೆಗೆಯಬೇಕು. ಹೊಸ ಎಲೆ ಮೂಡಿದ ಮೇಲೆ ಗೊಬ್ಬರದ ತೆಳು ನೀರನ್ನು ಕೊಡಬಹುದು.

ಈ ಬೆಳೆಗೆ ಕೈಹಾಕುವ ಜಮೀನುದಾರರು ಎಲ್ಲ ಸಸಿಗಳನ್ನೂ ಒಮ್ಮೆಗೇ ನೆಡದೆ, ಮೊದಲು ಒಂದೆರಡು ತಟ್ಟೆಗಳಲ್ಲಿ ಬೇರೆ ಬೇರೆ ಮಿಶ್ರಣಗಳನ್ನು ಪರೀಕ್ಷಿಸಿ, ಬದುಕಿದ ಸಸಿಗಳನ್ನು ಎಣಿಸಿ ನೋಡುವುದು ಲೇಸು. ಗ್ರಾಮದ ಮುಖ್ಯಸ್ಥರು ಈ ಲೆಕ್ಕವನ್ನು ಇತರ ರೈತರಿಗೂ ತಿಳಿಸಿದರೆ, ಒಬ್ಬರ ತಟ್ಟೆಯ ಅನುಭವವು ಊರಿಗೆಲ್ಲ ಉಪಯೋಗಕ್ಕೆ ಬರುವುದು.