ಕೆಚ್ಚಲು ಬಾವಿನ ಇಂಜೆಕ್ಷನ್: ಆ ಬಿಳಿ ಪುಡಿಯಲ್ಲಿ ಏನಿದೆ?

ನಾನು ಆನೇಕಲ್ ಕಡೆಯವನು. ಹೋದ ವರ್ಷ ನಮ್ಮ ಎಚ್‌ಎಫ್ ಹಸುವಿಗೆ ಕೆಚ್ಚಲು ಬಾವು ಬಂತು. ಡಾಕ್ಟ್ರು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬರೆದು, ಹೇಳಿದಷ್ಟು ದಿನ ಹಾಕಿಸಲೇಬೇಕು ಅಂದ್ರು. ಎರಡನೇ ದಿನಕ್ಕೇ ಬಾವು ಇಳೀತು. ದುಡ್ಡು ಉಳೀತು ಅಂತ ನಿಲ್ಲಿಸಿಬಿಟ್ಟೆ. ಹತ್ತು ದಿನದಲ್ಲಿ ಬಾವು ಮರಳಿ ಬಂತು, ಒಂದು ಮೊಲೆ ಬತ್ತಿಹೋಯಿತು. ತಪ್ಪು ನನ್ನದೇ. ಆಮೇಲೆ ಓದಿ ತಿಳ್ಕೊಂಡಿದ್ದನ್ನು ಹೇಳ್ತೀನಿ.

ಈ ಔಷಧಿಯ ಮೂಲ ಒಂದು ಬೂಷ್ಟು. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ, ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ವಿಜ್ಞಾನಿಗೆ ಅದು ಸಿಕ್ಕಿತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ 'ಸೆಫಲೋಸ್ಪೋರಿನ್ ಸಿ' ಬೇರ್ಪಡಿಸಿದರು. ಅದರ ಶಕ್ತಿ ಕಮ್ಮಿ. ಹಾಗಾಗಿ ಕಾರ್ಖಾನೆಯಲ್ಲಿ ದೊಡ್ಡ ಟ್ಯಾಂಕ್‌ಗಳಲ್ಲಿ ಬೂಷ್ಟು ಬೆಳೆಸಿ, ಸಿಕ್ಕ ಅಣುವಿನ ಬಾಲ ಕತ್ತರಿಸ್ತಾರೆ. ಉಳಿಯುವ ತಿರುಳಿಗೆ '7-ಎಸಿಎ' ಅಂತ ಹೆಸರು. ಅದಕ್ಕೆ ಹೊಸ ಬಾಲಗಳನ್ನು ಜೋಡಿಸಿದರೆ ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿ ತಯಾರು. ಒಂದು ರೀತಿ ಕಸಿ ಕಟ್ಟಿದ ಹಾಗೆ.

ತಿರುಳಿನೊಳಗೆ ನಾಲ್ಕು ಮೂಲೆಯ ಒಂದು ಉಂಗುರ ಇದೆ, ಬಿಗಿದ ಸ್ಪ್ರಿಂಗ್ ತರಹ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಬಳಸುವ ಕಿಣ್ವಕ್ಕೆ ತಾಗಿದಾಗ ಉಂಗುರ ಬಿಚ್ಚಿ ಅಲ್ಲೇ ಅಂಟಿಕೊಳ್ಳುತ್ತೆ. ಗೋಡೆ ಕಟ್ಟೋಕಾಗದೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತೆ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಈ ಉಂಗುರವನ್ನೇ ಕತ್ತರಿಸುವ ಕಿಣ್ವ ಇರುತ್ತೆ. ಅರ್ಧ ಕೋರ್ಸ್‌ಗೇ ನಿಲ್ಲಿಸಿದರೆ ಗಟ್ಟಿ ರೋಗಾಣುಗಳೇ ಉಳಿದು ಹೆಚ್ಚುತ್ತವೆ.

ನೀರಿನಲ್ಲೂ ಉಂಗುರ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ. ಅದಕ್ಕೇ ಇದು ಒಣ ಪುಡಿಯಾಗಿ ಬರೋದು. 1981ರಲ್ಲಿ ಸ್ಥಾಪನೆಯಾದ, ಪೀಣ್ಯದಲ್ಲಿ ಕಾರ್ಖಾನೆ ಇರುವ ಸರ್ಕಾರಿ ಕಂಪನಿ ಕೆಎಪಿಎಲ್ ಕೂಡ ಇಂಥ ಪುಡಿ ಇಂಜೆಕ್ಷನ್ ತಯಾರಿಸುತ್ತೆ.

ಇಷ್ಟು ನೆನಪಿಡಿ:

• ನೀರು ಬೆರೆಸಿದ ಮೇಲೆ ತಕ್ಷಣ ಹಾಕಿಸಿ. ಉಳಿದದ್ದನ್ನು ನಾಳೆಗೆ ಅಂತ ಕಿಟಕಿಯಲ್ಲಿ ಇಡಬೇಡಿ.
• ಹಾಲು ಜ್ವರಕ್ಕೆ ಕೊಡುವ ಕ್ಯಾಲ್ಸಿಯಂ ಬಾಟಲಿ ಜೊತೆ ಸೆಫ್ಟ್ರಿಯಾಕ್ಸೋನ್ ಬೆರೆಸಲೇಬಾರದು, ಕರಗದ ಹರಳಾಗುತ್ತೆ.
• ಡಾಕ್ಟ್ರು ಹೇಳಿದಷ್ಟು ದಿನ ಹಾಲನ್ನು ಡೈರಿಗೆ ಹಾಕಬೇಡಿ. ಕಾಯಿಸಿದರೆ ಔಷಧಿ ಹೋಗುತ್ತೆ ಅಂತ ನಂಬಬೇಡಿ. ಹೆಪ್ಪಿನ ಬ್ಯಾಕ್ಟೀರಿಯಾ ಸತ್ತು ಮೊಸರೂ ಸರಿಯಾಗಿ ಆಗಲ್ಲ.
• ಬಾವು ಇಳಿದರೂ ಕೋರ್ಸ್ ಮುಗಿಸಿ. ಉಳಿಸಿದ ಒಂದು ಇಂಜೆಕ್ಷನ್ ದುಡ್ಡಿಗಿಂತ ಹಸುವಿನ ಮೊಲೆ ದೊಡ್ಡದು.