ನೀಲಗಿರಿ ತೋಪು ಕಾಡಲ್ಲ

ನೀಲಗಿರಿ ತೋಪೂ ಒಂದು ಕಾಡೇ, ಪಾಳುಬಿದ್ದ ನೆಲದಲ್ಲಿ ಅದನ್ನು ಬೆಳೆದರೆ ಯಾರಿಗೂ ನಷ್ಟವಿಲ್ಲ ಎಂಬ ನಂಬಿಕೆ ಹಳೆಯದು. ಅದು ಎಷ್ಟು ನಿಜವೆಂದು ತಿಳಿಯಲು ದಾವಣಗೆರೆಯವರು ದೂರ ಹೋಗಬೇಕಿಲ್ಲ. ಅಲ್ಲಿನ ನಿಜಲಿಂಗಪ್ಪ ಬಡಾವಣೆಯಿಂದ ಹೊರಟು, ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಕುಮಾರಪಟ್ಟಣ. ನೀಲಗಿರಿ ಬಳಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಅಲ್ಲಿಯೇ. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದು.

ನೀಲಗಿರಿಯೆಲ್ಲ ಕಾಗದಕ್ಕೇ ಹೋಗುತ್ತದೆ ಎಂಬ ಮಾತೂ ಇಲ್ಲಿ ಸಲ್ಲದು. ಇಲ್ಲಿ ಅದು ಬಟ್ಟೆಯಾಗುತ್ತದೆ. ಮರವನ್ನು ಚಕ್ಕೆ ಮಾಡಿ, ರಾಸಾಯನಿಕದಲ್ಲಿ ಬೇಯಿಸಿ, ಬಿಳುಪುಗೊಳಿಸಿದರೆ ರಟ್ಟಿನಂಥ ತಿರುಳಿನ ಹಾಳೆ ಸಿಗುತ್ತದೆ. ಅದನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಸೇರಿಸಿ ಜೇನಿನಷ್ಟು ಮಂದ ದ್ರವವಾಗಿಸಿ, ಸೂಕ್ಷ್ಮ ತೂತುಗಳಿಂದ ಆಮ್ಲದ ತೊಟ್ಟಿಗೆ ಒತ್ತಿದಾಗ ರೇಯಾನ್ ಎಳೆ ಹೊರಬರುತ್ತದೆ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯ ಮಗ್ಗುಲಲ್ಲೇ ಮರದ ನೂಲು!

ಈ ಕಾರ್ಖಾನೆಗೆ ಮರ ಒದಗಿಸಲೆಂದು 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದವು. ಸುಮಾರು 30,000 ಹೆಕ್ಟೇರ್ 'ಸಿ ಮತ್ತು ಡಿ' ದರ್ಜೆಯ ಜಮೀನಿನಲ್ಲಿ ಬೇಗ ಬೆಳೆಯುವ ಮರಗಳನ್ನು ಬೆಳೆಸುವ ಯೋಜನೆ ಅದು. ಕಡತದಲ್ಲಿ ಈ ನೆಲ ಪಾಳು. ಊರವರಿಗೆ ಮಾತ್ರ ದನ ಮೇಯಿಸುವ, ಸೌದೆ ಆಯುವ, ಸೊಪ್ಪು ತರುವ ಜಾಗ. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ. ಹಾಗಾಗಿ ತೋಪು ಬೆಳೆಸುವವರಿಗೆ ಬೇಲಿಯ ಖರ್ಚು ಉಳಿಯಿತು. ದನ ಕಟ್ಟಿದವರಿಗೆ ಮೇವೇ ತಪ್ಪಿತು. ಗುಣ ಒಂದೇ, ಲೆಕ್ಕ ಎರಡು.

ಈ ಯೋಜನೆಯನ್ನು ವಿರೋಧಿಸಿದವರು ಗಿಡ ಕೀಳುವವರು, ಹಸಿರಿನ ವೈರಿಗಳು ಎಂಬ ಭಾವನೆ ಇನ್ನೊಂದು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ ಸತ್ಯಾಗ್ರಹದ ಹೆಸರೇ ಇದಕ್ಕೆ ಉತ್ತರ: 'ಕಿತ್ತಿಕೋ-ಹಚ್ಚಿಕೋ'. ಆ ಕಡೆ ಸಸಿ ಹಚ್ಚುವುದೆಂದರೆ ನೆಡುವುದು. ನೀಲಗಿರಿ ಸಸಿ ಕಿತ್ತ ಜಾಗದಲ್ಲೇ ಮೇವು, ಹಣ್ಣು ಕೊಡುವ ಸಸಿ ನೆಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೋರಾಟದ ಮುಂದಿತ್ತು. ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಉಳಿದದ್ದು ನೀರಿನ ಮಾತು. ನೀಲಗಿರಿ ಎಲ್ಲಿದ್ದರೂ ಅಂತರ್ಜಲ ಬತ್ತಿಸುತ್ತದೆ ಎನ್ನುವವರೂ ಪೂರ್ತಿ ಸರಿಯಲ್ಲ, ಏನೂ ಆಗದು ಎನ್ನುವವರೂ ಸರಿಯಲ್ಲ. 1980ರ ದಶಕದ ಕೊನೆಯಲ್ಲಿ ಶಿವಮೊಗ್ಗ ಬಳಿಯ ಪುರದಾಳು ಮತ್ತು ಬೆಂಗಳೂರು ಬಳಿಯ ಹೊಸಕೋಟೆ ಕಡೆ ಅಳತೆಗಳು ನಡೆದವು. ಮಣ್ಣಿನ ಪದರ ಮಧ್ಯಮ ಆಳದ್ದಾಗಿದ್ದಲ್ಲಿ ನೀಲಗಿರಿ ಬಳಸಿದ ನೀರು ಅಲ್ಲಿನ ಎಲೆ ಉದುರುವ ಕುರುಚಲು ಕಾಡಿನಷ್ಟೇ ಇತ್ತು. ರಾಗಿ ಹೊಲಕ್ಕೆ ಹೋಲಿಸಿದರೆ ಅದು ಸುಮಾರು ಎರಡು ಪಟ್ಟು. ಹೊಸಕೋಟೆಯ ಆಳದ ಮಣ್ಣಿನಲ್ಲಂತೂ ತೋಪು ಆ ವರ್ಷಗಳಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರು ಕುಡಿದಿತ್ತು. ಬೇರು ಪ್ರತಿ ವರ್ಷ ಇನ್ನಷ್ಟು ಕೆಳಗಿಳಿದು, ಹಿಂದಿನ ಮಳೆಗಾಲಗಳು ಮಣ್ಣಿನಲ್ಲಿ ಉಳಿಸಿದ್ದ ತೇವವನ್ನೂ ಎಳೆದುಕೊಂಡಿತ್ತು.