ಜಾತ್ರೆಯ ಜೋಡಿ, ಮನೆಯ ಹಸು

ಕೃಷ್ಣರಾಜನಗರದ ಬಳಿ, ಕಾವೇರಿಯು ಬಂಡೆಗಳ ಮೇಲಿಂದ ಧುಮುಕುವ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಶ್ರೀರಾಮನ ದರ್ಶನಕ್ಕೆಂದು ಬರುವ ಭಕ್ತರು ಅನೇಕರಿದ್ದರೂ ಒಕ್ಕಲು ಮಕ್ಕಳ ಕಣ್ಣು ಮೊದಲು ಹೊರಳುವುದು ಹಳ್ಳಿಕಾರ್ ಜೋಡಿಗಳತ್ತ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಯಿಂದಲೂ ರೈತರು ತಮ್ಮ ಹೋರಿಗಳನ್ನು ಇಲ್ಲಿಗೆ ಹೊಡೆದು ತರುವುದುಂಟು. ಕೆಲವು ಮನೆತನದವರು ಚಪ್ಪರ ಹಾಕಿಸಿ, ಕೊಂಬಿಗೆ ಬಣ್ಣ ಬಳಿದು, ವಾದ್ಯದೊಡನೆ ಮೆರವಣಿಗೆ ತರುತ್ತಾರೆ. ಮಾರುವುದು ಎರಡನೆಯ ಮಾತು, ತೋರಿಸುವುದೇ ಮೊದಲನೆಯದು.

ನೋಡುವವರೇನು ಸಾಮಾನ್ಯರೆ? ನೀಳವಾದ ಮುಖ, ಹಿಂದಕ್ಕೆ ಸಾಗಿ ತುದಿಯಲ್ಲಿ ಮುಂಬಾಗಿದ ಕೊಂಬು, ಬಿಗಿದ ಬೂದು ಮೈ, ಗಟ್ಟಿ ಗೊರಸು—ಒಂದನ್ನೂ ಬಿಡದೆ ನೋಡುತ್ತಾರೆ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾರೆ. ಮೈಮೇಲಿನ ಸುಳಿಗಳನ್ನು ಹುಡುಕುತ್ತಾರೆ. ಸುಳಿಗೂ ದುಡಿಮೆಗೂ ಇರುವ ನಂಟೇನೆಂದು ಪಶುವೈದ್ಯರನ್ನು ಕೇಳಿದರೆ ಅವರು ನಕ್ಕಾರು. ಆದರೂ ಕೆಟ್ಟ ಸುಳಿಯ ಎತ್ತಿಗೆ ಬೆಲೆ ಏರುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಜೋಡಿ ಕೂಡಿಸುವುದು. ಎತ್ತರ, ಕೊಂಬಿನ ಬಾಗು, ನಡಿಗೆ ಒಂದೇ ಆಗಿರಬೇಕು. ಮನೆಯಲ್ಲಿ ಚೆಲುವಾದ ಗಂಡುಕರು ಹುಟ್ಟಿತೆಂದರೆ ಅದಕ್ಕೆ ಸರಿಜೊತೆ ಹುಡುಕುತ್ತ ಯಜಮಾನನು ಊರೂರು ಅಲೆಯುವುದು ವರಾನ್ವೇಷಣೆಗೇನೂ ಕಡಿಮೆಯದಲ್ಲ. ಕೊನೆಗೆ ಬೆಲೆ ಕುದುರುವುದು ಟವೆಲಿನ ಮರೆಯಲ್ಲಿ, ಬೆರಳು ಹಿಡಿದು.

ಈ ಸೀಮೆಗೂ ತಳಿ ಕಾಯುವ ಕೆಲಸಕ್ಕೂ ಹಳೆಯ ನಂಟು. ಮೈಸೂರರಸರ ಬೆಣ್ಣೆ ಚಾವಡಿಯ ದನಗಳಿಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂಬ ಹೆಸರಿಟ್ಟನು; ಆ ಹಿಂಡುಗಳ ಮೂಲದಲ್ಲಿದ್ದುದು ಹಳ್ಳಿಕಾರ್ ರಕ್ತವೇ. ಫಿರಂಗಿ ಎಳೆಯುವ ಎತ್ತುಗಳಿಗಾಗಿ 1799ರ ನಂತರ ಬ್ರಿಟಿಷರೂ ಇವನ್ನು ಉಳಿಸಿಕೊಂಡರು. ಅವರ ಕಾಲದಲ್ಲಿ ಈ ಇಲಾಖೆಯ ಕೇಂದ್ರ ಹುಣಸೂರೇ ಆಗಿದ್ದಿತು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಹಿಂಡುಗಳನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದಾಗಿ, ಅದೇ ಸರ್ಕಾರವು ಚದುರಿಹೋದ ದನಗಳನ್ನು ಮತ್ತೆ ಕೂಡಿಸಲು ಹೊರಟಿತು. ಕಾಗದದ ಮೇಲಿನ ಉಳಿತಾಯ ಎಷ್ಟು ದುಬಾರಿಯಾಯಿತು!

ಇಂದು ಅದೇ ಲೆಕ್ಕ ರೈತನ ಹಟ್ಟಿಯೊಳಕ್ಕೆ ಬಂದಿದೆ. ಜಾತ್ರೆಯಲ್ಲಿ ಹೊಗಳಿಸಿಕೊಳ್ಳುವುದು ಹೋರಿ. ತಳಿಯನ್ನು ಉಳಿಸುವುದು ಮನೆಯಲ್ಲಿ ಉಳಿದ ಹಸು. ಆ ಹಸು ಒಂದು ಸೂಲಿಗೆ ಕೊಡುವ ಹಾಲು ಸರಾಸರಿ 500 ಕಿಲೋಗ್ರಾಮಿನ ಆಸುಪಾಸು. ಪಕ್ಕದ ಮನೆಯ ಮಿಶ್ರತಳಿಯ ಹಸು ಅದರ ಹಲವು ಪಟ್ಟು ಕರೆಯುತ್ತದೆ. ಡೇರಿಯಲ್ಲಿ ಹಣ ಸಂದಾಯವಾಗುವುದು ಲೀಟರಿಗೆ, ಕೊಂಬಿನ ಬಾಗಿಗಲ್ಲ. ಗಂಡುಕರು ಹುಟ್ಟಿದರೂ ಅದು ಜಾತ್ರೆಯಲ್ಲಿ ನಿಂತು ಬೆಲೆ ತರಲು ಎರಡು ಮೂರು ವರ್ಷ ಕಾಯಬೇಕು. ಅಷ್ಟು ದಿನ ಹುಲ್ಲು, ಹುರುಳಿ, ಹಿಂಡಿ ಒದಗಿಸುವವರು ಮನೆಯ ಹೆಂಗಸರು. ಕಾಯ್ದ ಮೇಲೂ ಭರವಸೆಯಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೇ ತಡೆ ಬಿದ್ದಿತು. ಟ್ರಾಕ್ಟರು ಬಂದ ಮೇಲಂತೂ ಉಳುಮೆಗೆ ಎತ್ತು ಬೇಕೆನ್ನುವವರೇ ವಿರಳ. ತಂಬಾಕಿನ ಸಾಲುಗಳ ನಡುವೆ ಎಡೆ ಹೊಡೆಯಲು ಮಾತ್ರ ಕೆಲವರು ಎತ್ತನ್ನು ನೆನೆಯುತ್ತಾರೆ.

ಹೀಗಿದ್ದೂ ಸಾಕುವವರಿದ್ದಾರೆ. 2000ದಲ್ಲಿ ಅಂಚೆ ಇಲಾಖೆಯು ಹಳ್ಳಿಕಾರ್ ತಳಿಯ ಚಿತ್ರವುಳ್ಳ ಅಂಚೆಚೀಟಿ ಹೊರಡಿಸಿತು. ಗೌರವವೇನೋ ಸಂದಿತು, ಹಿಂಡಿಯ ಬೆಲೆ ಮಾತ್ರ ಇಳಿಯಲಿಲ್ಲ. ನಿಜವಾದ ಪರೀಕ್ಷೆ ಹಸು ಬೆದೆಗೆ ಬಂದ ದಿನ. ಬೀಜದ ಹೋರಿಯಿರುವ ಊರಿಗೆ ಹೊಡೆದುಕೊಂಡು ಹೋಗುವುದೆ, ಹಳ್ಳಿಕಾರ್ ತಳಿಯದೇ ವೀರ್ಯ ತರಿಸುವುದೆ, ಅಥವಾ ಡೇರಿಯ ಲೆಕ್ಕಕ್ಕೆ ಒಪ್ಪಿ ವಿದೇಶೀ ತಳಿಯದನ್ನು ಕೊಡಿಸುವುದೆ? ಅಜ್ಜನದೊಂದು ಮಾತು, ಹಾಲಿನ ಕ್ಯಾನು ಹೊರುವ ಮೊಮ್ಮಗನದು ಇನ್ನೊಂದು. ಬೆದೆ ಒಂದು ದಿನವೂ ಪೂರ್ತಿ ನಿಲ್ಲುವುದಿಲ್ಲ. ಬೆಳಿಗ್ಗೆ ಹಸು ಕೂಗಿತೆಂದರೆ ಸಂಜೆಯೊಳಗೆ ಮನೆಯಲ್ಲಿ ಒಂದು ಮಾತಿಗೆ ಬರಬೇಕು.